ಎಂಎಸ್ಸಿ ಗಣಿತ ಮುಗಿಸಿ ಜಿಯೋಫಿಸಿಕ್ಸ್‌ಗೆ ಹೋದವರು ಯಾರಾದರೂ ಇದ್ದೀರಾ?

ಗಣಿತದ_ಹುಡುಗಿ:
ಎಂಎಸ್ಸಿ ಗಣಿತ, ಕೊನೆ ಸೆಮಿಸ್ಟರ್. ಊರು ಸಾಗರದ ಹತ್ತಿರ. ಪೈಥಾನ್ ಬರುತ್ತದೆ, ಮಷಿನ್ ಲರ್ನಿಂಗ್ ಕೋರ್ಸ್ ಕೂಡ ಮಾಡಿದ್ದೇನೆ. ಭೂಕಂಪದ ಮೇಲೆ ಪಿಎಚ್‌ಡಿ ಮಾಡಬೇಕು ಅಂತ ಆಸೆ. ಆದರೆ ಗ್ರಾನೈಟ್ ಯಾವುದು, ಬಸಾಲ್ಟ್ ಯಾವುದು ಅಂತಲೂ ಗೊತ್ತಿಲ್ಲ. ಮೇಲಾಗಿ, ಈ ಕೆಲಸವನ್ನೆಲ್ಲ ಎಐ ಮಾಡಿಬಿಡುತ್ತೆ ಅಂತ ಗೆಳೆಯರು ಹೆದರಿಸುತ್ತಿದ್ದಾರೆ. ನಿಜಾನಾ?

ಕಂಪನ_ಮೇಷ್ಟ್ರು:
ನಾನೂ ಗಣಿತದಿಂದಲೇ ಬಂದವನು. ಈಗ ವಿಶ್ವವಿದ್ಯಾಲಯದಲ್ಲಿ ಭೂಕಂಪಶಾಸ್ತ್ರ ಪಾಠ ಮಾಡುತ್ತೇನೆ. ಕಲ್ಲಿನ ಹೆಸರುಗಳನ್ನು ಆಮೇಲೆ ಕಲಿಯಬಹುದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಲೀನಿಯರ್ ಆಲ್ಜೀಬ್ರಾ ಮಾತ್ರ ಮರೆಯಬೇಡಿ.

ನಮ್ಮ ಕೆಲಸದ ತಿರುಳು ಇನ್ವರ್ಸ್ ಪ್ರಾಬ್ಲಮ್, ಅಂದರೆ ಹೊರಗಿನ ಅಳತೆಯಿಂದ ಒಳಗೆ ಏನಿದೆ ಅಂತ ಲೆಕ್ಕ ಹಾಕುವುದು. ಹಲಸಿನಹಣ್ಣನ್ನು ತಟ್ಟಿ ನೋಡಿ ಒಳಗೆ ಹಣ್ಣಾಗಿದೆಯಾ ಅಂತ ಹೇಳುತ್ತೀರಲ್ಲ, ಅದೇ. ಪೇಚು ಏನೆಂದರೆ, ಒಂದೇ ಅಳತೆಗೆ ಹಲವು ಉತ್ತರ ಹೊಂದುತ್ತವೆ. ಗುರುತ್ವವನ್ನೇ ತೆಗೆದುಕೊಳ್ಳಿ. ಆಳದಲ್ಲಿ ಒಂದು ಗಟ್ಟಿ ಗುಂಡು ಇರಬಹುದು, ಇಲ್ಲವೇ ಮೇಲುಗಡೆಯೇ ಅಗಲವಾಗಿ ಹರಡಿದ ಪದರ ಇರಬಹುದು. ನೆಲದ ಮೇಲೆ ನಿಂತು ಅಳೆದವನಿಗೆ ಎರಡರಿಂದಲೂ ಅದೇ ಅಂಕಿ ಸಿಗಬಹುದು. ಹಾಗಿದ್ದರೆ ಉತ್ತರದಲ್ಲಿ ಎಷ್ಟನ್ನು ನಂಬಬೇಕು? ಇದಕ್ಕೆ ಭೂಭೌತ ವಿಜ್ಞಾನಿಗಳಾದ ಜಾರ್ಜ್ ಬ್ಯಾಕಸ್ ಮತ್ತು ಫ್ರೀಮನ್ ಗಿಲ್ಬರ್ಟ್ 1960ರ ದಶಕದಲ್ಲೇ ಗಣಿತ ಕಟ್ಟಿಕೊಟ್ಟರು. ಅಲ್ಲಿಂದ ಶುರು ಮಾಡಿ.

ಇನ್ನು ಎಐ. ಭೂಕಂಪದಿಂದ ಮೊದಲು ತಲುಪುವ ಪಿ ಅಲೆ ಯಾವಾಗ ಬಂತು, ಅದರ ಹಿಂದೆ ಬರುವ ಎಸ್ ಅಲೆ ಯಾವಾಗ ಬಂತು ಅಂತ ಜನ ದಾಖಲೆ ಮುಂದೆ ಕೂತು ಕೈಯಾರೆ ಗುರುತು ಹಾಕುತ್ತಿದ್ದರು. ಸ್ಟ್ಯಾನ್‌ಫರ್ಡ್‌ನಲ್ಲಿ ಮಾಡಿದ ಫೇಸ್‌ನೆಟ್‌ನಂಥ ಎಐ ಪ್ರೋಗ್ರಾಂಗಳು ಬಂದ ಮೇಲೆ ಆ ಕೆಲಸ ಬಹುಪಾಲು ಕಂಪ್ಯೂಟರ್‌ ಪಾಲಾಯಿತು. ಹೋಗಲಿ ಬಿಡಿ, ಬೆನ್ನುನೋವಿನ ಕೆಲಸ ಅದು.

ಆದರೆ ಈ ಕಥೆ ಕೇಳಿ. 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂತು. ದೊಡ್ಡ ಭೂಕಂಪದ ನಂತರದ ಕಂಪನಗಳು ಎಲ್ಲೆಲ್ಲಿ ಆಗುತ್ತವೆ ಅಂತ ಹೇಳುವ ನ್ಯೂರಲ್ ನೆಟ್‌ವರ್ಕ್. ಅದರಲ್ಲಿ 13,451 ಪ್ಯಾರಾಮೀಟರ್, ಅಂದರೆ ಕಲಿಯುವಾಗ ಹೊಂದಿಸಿಕೊಳ್ಳುವ ಅಂಕಿಗಳು. ಮರುವರ್ಷ ಅದೇ ಪತ್ರಿಕೆಯಲ್ಲಿ ಮಿನ್ಯಾನ್ ಮತ್ತು ಬ್ರೊಕಾರ್ಡೊ ಒಂದೇ ಒಂದು ನ್ಯೂರಾನ್, ಎರಡೇ ಪ್ಯಾರಾಮೀಟರ್ ಇಟ್ಟುಕೊಂಡು ಅಷ್ಟೇ ಒಳ್ಳೆಯ ಫಲಿತಾಂಶ ತೋರಿಸಿದರು! ಅಂದರೆ ಬರೀ ಲಾಜಿಸ್ಟಿಕ್ ರಿಗ್ರೆಷನ್, ಸಂಖ್ಯಾಶಾಸ್ತ್ರದ ಸರಳ ವಿಧಾನ. ಡೀಪ್ ಲರ್ನಿಂಗ್ ಅಂತ ಹಾರಾಡುತ್ತಾ ಬರುವ ಹೊಸ ವಿದ್ಯಾರ್ಥಿಗಳಿಗೆ ನಾನು ಮೊದಲು ಮಾಡಿಸುವ ಲೆಕ್ಕವೇ ಇದು.

ಧನಬಾದ್_ರಿಟರ್ನ್:
ಮೇಷ್ಟ್ರು ಹೊಟ್ಟೆಪಾಡಿನ ಮಾತೇ ಎತ್ತಲಿಲ್ಲ 😄 ಗೇಟ್ ಪರೀಕ್ಷೆಯಲ್ಲಿ ಜಿಯೋಫಿಸಿಕ್ಸ್ ವಿಭಾಗ ಇದೆ, ಗಣಿತದ ಪೇಪರ್ ಬೇರೆ ಇದೆ. ಹೈದರಾಬಾದಿನ ಭೂಭೌತ ಸಂಶೋಧನಾ ಸಂಸ್ಥೆ ಎನ್‌ಜಿಆರ್‌ಐ, ಐಐಎಸ್ಸಿಯ ಭೂವಿಜ್ಞಾನ ಕೇಂದ್ರ, ಧನಬಾದ್ ಐಐಟಿ (ಐಎಸ್‌ಎಂ), ಮೂರೂ ಕಡೆ ವಿಚಾರಿಸಿ. ಅರ್ಹತೆ ಒಂದೊಂದು ಕಡೆ ಒಂದೊಂದು ಥರ. ದುಡ್ಡು ಜಾಸ್ತಿ ಬೇಕಿದ್ದರೆ ತೈಲ ಹುಡುಕುವ ಕಂಪನಿಗಳು. ಅಲ್ಲೂ ಇದೇ ಇನ್ವರ್ಸ್ ಪ್ರಾಬ್ಲಮ್, ಕಂಪ್ಯೂಟರ್ ಮಾತ್ರ ದೊಡ್ಡದು.

ಗಣಿತದ_ಹುಡುಗಿ:
ಥ್ಯಾಂಕ್ಸ್ ಸರ್. ಗುರುತು ಹಾಕುವುದು ಕಂಪ್ಯೂಟರ್‌ ಪಾಲಾದರೆ ನಮಗೆ ಉಳಿಯುವುದೇನು?

ಕಂಪನ_ಮೇಷ್ಟ್ರು:
ಅದು ಹೇಳಿದ್ದು ಸರಿಯಾ ಅಂತ ನೋಡುವುದು. ಫೇಸ್‌ನೆಟ್ ಕಲಿತದ್ದು ಉತ್ತರ ಕ್ಯಾಲಿಫೋರ್ನಿಯಾದ ದಾಖಲೆಗಳಿಂದ. ನಮ್ಮ ಕಡೆಯ ಲಾರಿ, ರೈಲು, ಕ್ವಾರಿ ಅದಕ್ಕೆಲ್ಲಿ ಗೊತ್ತು? ನನ್ನ ವಿದ್ಯಾರ್ಥಿಯೊಬ್ಬ ಸಣ್ಣ ಭೂಕಂಪಗಳ ದೊಡ್ಡ ಪಟ್ಟಿ ತಂದ. ಯಾವ ಹೊತ್ತಿಗೆ ಎಷ್ಟು ಅಂತ ಗ್ರಾಫ್ ಹಾಕು ಎಂದೆ. ಹೆಚ್ಚಿನವು ಮಧ್ಯಾಹ್ನ ಊಟದ ನಂತರ, ಭಾನುವಾರ ಒಂದೂ ಇಲ್ಲ. ಭೂಮಿಗೆ ವಾರದ ರಜೆ ಇರುತ್ತದಾ? ಎಲ್ಲ ಕ್ವಾರಿ ಸಿಡಿತ.

ಇನ್ನೊಂದು ಪರೀಕ್ಷೆ ಇದೆ. ಸಿಡಿತ ಸುತ್ತಲೂ ಹೊರಕ್ಕೆ ತಳ್ಳುತ್ತದೆ. ಹಾಗಾಗಿ ಸಾಮಾನ್ಯವಾಗಿ ಎಲ್ಲ ಸ್ಟೇಷನ್‌ನಲ್ಲೂ ಪಿ ಅಲೆಯ ಮೊದಲ ಚಲನೆ ಮೇಲಕ್ಕೇ. ಭೂಕಂಪದಲ್ಲಿ ಕೆಲವು ಕಡೆ ಮೇಲಕ್ಕೆ, ಕೆಲವು ಕಡೆ ಕೆಳಕ್ಕೆ. ಸ್ಫೋಟ ಯಾವುದು, ಭೂಕಂಪ ಯಾವುದು ಅಂತ ಬೇರ್ಪಡಿಸುವ ಈ ತಲೆನೋವು ಹಳೆಯದು. ನಮ್ಮ ಗೌರಿಬಿದನೂರಿನಲ್ಲಿ 1960ರ ದಶಕದಲ್ಲಿ ಭೂಕಂಪಮಾಪಕಗಳ ಸಾಲು ನಿಲ್ಲಿಸಿದ್ದೂ ಎಲ್ಲೋ ದೂರದಲ್ಲಿ ನಡೆಯುವ ಅಣುಸ್ಫೋಟ ಪತ್ತೆ ಮಾಡಲಿಕ್ಕೇ.

ಈಗಲೇ ಅಬ್ಸ್‌ಪೈ (ObsPy) ಹಾಕಿಕೊಳ್ಳಿ, ಭೂಕಂಪದ ದಾಖಲೆ ಓದುವ ಪೈಥಾನ್ ಲೈಬ್ರರಿ, ಉಚಿತ. ಯಾವುದಾದರೂ ಒಂದು ಸ್ಟೇಷನ್ನಿನ ಒಂದು ದಿನದ ದಾಖಲೆ ಇಳಿಸಿ, ಮೊದಲು ಕೈಯಲ್ಲೇ ಗುರುತು ಹಾಕಿ. ಸೀಸ್‌ಬೆಂಚ್ (SeisBench) ಅನ್ನುವ ಇನ್ನೊಂದು ಪೈಥಾನ್ ಲೈಬ್ರರಿಯಲ್ಲಿ ಫೇಸ್‌ನೆಟ್ ರೆಡಿ ಇದೆ, ಅದನ್ನು ಆಮೇಲೆ ಓಡಿಸಿ. ನಿಮ್ಮ ಗುರುತು, ಅದರ ಗುರುತು ಎಲ್ಲಿ ಬೇರೆ ಬಂತೋ ಆ ಅಲೆಗಳ ಚಿತ್ರ ಇಲ್ಲಿ ಹಾಕಿ, ನೋಡೋಣ.