ಮನಸ್ಸಿಗೆ ಯಾವ ಭಾಷೆಯಲ್ಲಿ ಸಮಾಧಾನ ಹೇಳಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ಕೆಲಸದ ಒತ್ತಡ ತಗ್ಗಿಸಿಕೊಳ್ಳಲು ಕೆಲವು ತಿಂಗಳಿಂದ ಒಂದು ಇಂಗ್ಲಿಷ್ ಆಡಿಯೊ ಕೇಳುತ್ತಿದ್ದೇನೆ. ‘ಐ ಆ್ಯಮ್ ಸೇಫ್, ಐ ಆ್ಯಮ್ ಕಾಮ್’ ಎಂಬ ಮಾತುಗಳು ಅರ್ಥವಾಗುತ್ತವೆ, ಆದರೆ ಒಳಗೆ ಇಳಿಯುವುದಿಲ್ಲ. ‘ನಾನು ಸುರಕ್ಷಿತವಾಗಿದ್ದೇನೆ’ ಎಂದು ಕನ್ನಡದಲ್ಲಿ ಹೇಳಿಕೊಂಡರೂ ಪಾಠ ಒಪ್ಪಿಸಿದಂತೆ ಅನಿಸುತ್ತದೆ. ಭಾಷೆಯಿಂದ ಫಲದಲ್ಲಿ ವ್ಯತ್ಯಾಸವಾಗುತ್ತದೆಯೇ?

ಉತ್ತರ: ಖಂಡಿತ ಆಗುತ್ತದೆ. ಮೊದಲ ಭಾಷೆಯ ಮಾತುಗಳನ್ನು ನಾವು ಅರ್ಥದ ಮೂಲಕ ಕಲಿತವರಲ್ಲ. ಯಾರೋ ಗದರಿದಾಗಿನ ನಡುಕ, ಎತ್ತಿಕೊಂಡು ಸಂತೈಸಿದಾಗಿನ ನಿರಾಳ, ಇವುಗಳ ಜೊತೆಯಲ್ಲೇ ಆ ಮಾತುಗಳೂ ಮೈಗೆ ಹತ್ತಿರುತ್ತವೆ. ತುರ್ಕಿ ಮಾತೃಭಾಷೆಯವರಾಗಿದ್ದು ಇಂಗ್ಲಿಷನ್ನು ಆಮೇಲೆ ಕಲಿತವರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಾಲ್ಯದಲ್ಲಿ ಕೇಳಿದಂತಹ ಬೈಗುಳದ ಮಾತುಗಳನ್ನು ತುರ್ಕಿಯಲ್ಲಿ ಕೇಳಿಸಿಕೊಂಡಾಗ ಚರ್ಮದ ವಿದ್ಯುತ್ ವಾಹಕತೆ, ಅಂದರೆ ಭಾವೋದ್ವೇಗದಿಂದ ಸೂಕ್ಷ್ಮವಾಗಿ ಬೆವರುವುದರ ಅಳತೆ, ಇಂಗ್ಲಿಷಿನಲ್ಲಿ ಕೇಳಿದಾಗಿಗಿಂತ ಹೆಚ್ಚಾಗಿ ಏರಿತ್ತು.

ಹಾಗೆಂದು ಅನುವಾದ ಮಾಡಿದರೆ ಸಾಲದು. ಅಳುವವರನ್ನು ಯಾರೂ ‘ನೀನು ಸುರಕ್ಷಿತ’ ಎಂದು ಸಂತೈಸುವುದಿಲ್ಲ. ‘ಏನೂ ಆಗಲ್ಲ, ಇರಲಿ ಬಿಡು’ ಎನ್ನುತ್ತಾರೆ. ಆ ‘ಬಿಡು’ವನ್ನು ಗಮನಿಸಿ. ಅದನ್ನು ನಮಗೆ ನಾವೇ ಹೇಳಿಕೊಳ್ಳುವಾಗಲೂ ಅಲ್ಲಿ ‘ನಾನು’ ಇರುವುದಿಲ್ಲ, ನಮ್ಮನ್ನೇ ‘ನೀನು’ ಎಂದು ಮಾತನಾಡಿಸುತ್ತಿರುತ್ತೇವೆ. ಭಾಷಣದಂತಹ ಒತ್ತಡದ ಸಂದರ್ಭಕ್ಕೆ ಮುನ್ನ ಹೀಗೆ ತಮ್ಮನ್ನು ‘ನೀನು’ ಎಂದೋ ಹೆಸರಿನಿಂದಲೋ ಕರೆದು ಮಾತನಾಡಿಸಿಕೊಂಡವರಿಗೆ ಕಳವಳ ಕಡಿಮೆಯಾದದ್ದು 2014ರ ಪ್ರಯೋಗಗಳಲ್ಲಿ ಕಂಡಿದೆ. ಆದ್ದರಿಂದ ಬಾಲ್ಯದಲ್ಲಿ ನಿಮ್ಮನ್ನು ನಿಜವಾಗಿ ಸಮಾಧಾನಪಡಿಸಿದ ಮಾತು ಯಾವುದೆಂದು ನೆನಪಿಸಿಕೊಂಡು, ನಿಮ್ಮ ಮನೆಮಾತಿನ ಧಾಟಿಯಲ್ಲೇ ಹೇಳಿಕೊಳ್ಳಿ.

ಅದಕ್ಕೂ ಮೊದಲು ‘ಟೆನ್ಷನ್’ ಎಂಬ ಒಂದೇ ಪದವನ್ನು ಬಿಡಿಸಿ ನೋಡಬೇಕು. ಒಳಗಿರುವುದು ಅಳುಕೋ, ತಳಮಳವೋ, ದುಗುಡವೋ, ಅವಮಾನವೋ? ಭಾವನೆಗೆ ಹೆಸರು ಕೊಟ್ಟಾಗ ಮಿದುಳಿನಲ್ಲಿ ಭಯ, ಆತಂಕಗಳಿಗೆ ಸ್ಪಂದಿಸುವ ಭಾಗವಾದ ಅಮಿಗ್ಡಲಾದ ಪ್ರತಿಕ್ರಿಯೆ ತಗ್ಗುವುದನ್ನು 2007ರ ಸ್ಕ್ಯಾನ್ ಅಧ್ಯಯನವೊಂದು ತೋರಿಸಿದೆ. ಸರಿಯಾದ ಪದ ಸಿಕ್ಕಿದ ಕ್ಷಣದಲ್ಲಿ ಎದುರು ಕುಳಿತವರ ಉಸಿರು ಸಡಿಲವಾಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಉಸಿರಾಟದ ಅಭ್ಯಾಸಕ್ಕೆ, ಸ್ನಾಯುಗಳನ್ನು ಬಿಗಿದು ಸಡಿಲಿಸುವ ಅಭ್ಯಾಸಕ್ಕೆ ಭಾಷೆ ಇಷ್ಟು ಮುಖ್ಯವಲ್ಲ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನನ್ನದು ಇದಕ್ಕೆ ವಿರುದ್ಧ, ಮೇಡಂ. ಹಳೆಯ ಘಟನೆಯೊಂದನ್ನು ಕನ್ನಡದಲ್ಲಿ ಬರೆಯಲು ಕುಳಿತರೆ ಕೈ ನಡುಗುತ್ತದೆ, ಇಂಗ್ಲಿಷಿನಲ್ಲಾದರೆ ಬರೆಯಬಲ್ಲೆ. ಇದು ತಪ್ಪಿಸಿಕೊಳ್ಳುವಿಕೆಯೇ?

ಉತ್ತರ: ಅಲ್ಲ, ದಯವಿಟ್ಟು ಹಾಗೆ ಭಾವಿಸಬೇಡಿ. ಸಂತೈಸಿದ ಭಾಷೆಯೇ ಕೆಲವರ ಪಾಲಿಗೆ ನೋಯಿಸಿದ ಭಾಷೆಯೂ ಆಗಿರುತ್ತದೆ, ಮತ್ತು ಆಮೇಲೆ ಕಲಿತ ಭಾಷೆ ಕೊಡುವ ಅಂತರ ಅಂಥವರಿಗೆ ಆಸರೆಯಾಗುತ್ತದೆ. ಮನಸ್ಸಿನ ಭಾರವನ್ನು ಬರೆದು ಇಳಿಸಿಕೊಳ್ಳುವ ಕ್ರಮದಲ್ಲಿ, 1986ರ ಮೂಲ ಪ್ರಯೋಗದಂತೆ, ದಿನಕ್ಕೆ 15 ನಿಮಿಷ, ಸತತ 4 ದಿನ ಬರೆಯಲಾಗುತ್ತದೆ. ನೀವು ಇಂಗ್ಲಿಷಿನಲ್ಲೇ ಆರಂಭಿಸಿ. ನಡುಕ ತಗ್ಗಿದ ಮೇಲೆ, ನಿಮಗೆ ಬೇಕೆನಿಸಿದರೆ ಮಾತ್ರ, ಒಂದೆರಡು ಸಾಲನ್ನು ಕನ್ನಡದಲ್ಲಿ ಬರೆದು ನೋಡಿ. ಮೈ ಬಿಗಿಯಾದರೆ ಅಲ್ಲಿಗೇ ನಿಲ್ಲಿಸಿ.

ಆ ಘಟನೆ ನಿದ್ದೆಯನ್ನು ಕೆಡಿಸುತ್ತಿದ್ದರೆ ಒಬ್ಬರೇ ಹೆಣಗಬೇಡಿ. ಮನಶ್ಶಾಸ್ತ್ರಜ್ಞರನ್ನು ಕಾಣುವಾಗ ನಿಮ್ಮ ಎರಡೂ ಭಾಷೆ ಬಲ್ಲವರನ್ನು ಕೇಳಿ ಪಡೆಯಿರಿ. 76 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2006ರ ವಿಶ್ಲೇಷಣೆಯ ಪ್ರಕಾರ, ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೆ ಅವರದೇ ಭಾಷೆಯಲ್ಲಿ ನೀಡಿದ ಚಿಕಿತ್ಸೆ ಇಂಗ್ಲಿಷಿನಲ್ಲಿ ನೀಡಿದ್ದಕ್ಕಿಂತ ಎರಡು ಪಟ್ಟು ಪರಿಣಾಮಕಾರಿಯಾಗಿತ್ತು. ಯಾವ ಮಾತನ್ನು ಯಾವ ಭಾಷೆಯಲ್ಲಿ ಹೇಳಲು ನಿಮಗೆ ಆಗುವುದಿಲ್ಲ ಎಂಬುದನ್ನು ಮೊದಲ ಭೇಟಿಯಲ್ಲೇ ಅವರಿಗೆ ತಿಳಿಸಿ.