1848ರ ‘ಮೈಲೇಜ್’ಗೆ ಕನ್ನಡದಲ್ಲಿ ಏನೆನ್ನೋಣ?

ಹೊರೇಸ್ ಗ್ರೀಲಿಯ ಬದುಕಿನ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಅಚ್ಚುಮೊಳೆ ಜೋಡಿಸುತ್ತ ಕೆಲಸ ಕಲಿತು, 1841ರಲ್ಲಿ ‘ನ್ಯೂಯಾರ್ಕ್ ಟ್ರಿಬ್ಯೂನ್’ ಹುಟ್ಟುಹಾಕಿ, 1872ರಲ್ಲಿ ಗ್ರಾಂಟ್ ಎದುರು ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತು ಸೋತು, ಅದೇ ತಿಂಗಳು ತೀರಿಕೊಂಡ ಸಂಪಾದಕ ಈತ. ಇಷ್ಟೆಲ್ಲ ಸಲೀಸಾಗಿ ಬಂತು. ನಡುವಿನ ಮೂರು ತಿಂಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

1848ರ ಡಿಸೆಂಬರಿನಲ್ಲಿ ಗ್ರೀಲಿ ಬೇರೊಬ್ಬರ ಉಳಿದ ಅವಧಿಗೆ ಅಮೆರಿಕದ ಕೆಳಮನೆಯ ಸದಸ್ಯನಾದ. ಸದಸ್ಯರಿಗೆ ಊರಿನಿಂದ ವಾಷಿಂಗ್ಟನ್ನಿಗೆ ಬಂದುಹೋಗಲು ಪ್ರತಿ 20 ಮೈಲಿಗೆ 8 ಡಾಲರ್ ಸಿಗುತ್ತಿತ್ತು. ಸುತ್ತುದಾರಿ ಹಿಡಿದಷ್ಟೂ ಲಾಭ! ಗ್ರೀಲಿ ಅಂಚೆ ಇಲಾಖೆಯ ನೇರದಾರಿಯ ದೂರಗಳನ್ನು ಪಕ್ಕದಲ್ಲಿಟ್ಟು, ಯಾರು ಎಷ್ಟು ಹೆಚ್ಚು ಪಡೆದರೆಂದು ಹೆಸರುಸಮೇತ ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಪಟ್ಟಿಯಲ್ಲಿ ಲಿಂಕನ್ ಕೂಡ ಇದ್ದ: ಒಂದು ಕಡೆಗೆ ಅಂಚೆಯ ಲೆಕ್ಕಕ್ಕೆ 780 ಮೈಲಿ, ಅವನ ಲೆಕ್ಕಕ್ಕೆ 1,626, ಹೋಗಿಬರುವುದೆರಡೂ ಸೇರಿ ಹೆಚ್ಚು ಬಂದದ್ದು 676 ಡಾಲರ್ 80 ಸೆಂಟ್.

ಸದಸ್ಯರಿಗೆ ಸಿಗುತ್ತಿದ್ದ ಈ ಪ್ರಯಾಣದ ಹಣವನ್ನು ಅವರು ಕರೆಯುತ್ತಿದ್ದದ್ದು ‘ಮೈಲೇಜ್’ ಎಂದು. ನಮ್ಮಲ್ಲಿ ಆ ಪದವನ್ನು ಬೈಕು ಕೊಂಡುಹೋಗಿದೆ. ಉಳಿದದ್ದನ್ನು ‘ರಾಜಕೀಯ ಮೈಲೇಜ್’ ಎಂದು ಪತ್ರಿಕೆಗಳು ಹಂಚಿಕೊಂಡಿವೆ. ರಾಜಕಾರಣಿಯ ಕಥೆಯಲ್ಲಿ ಅದನ್ನು ಬಳಸಿದರೆ ಓದುಗ ಎರಡನೆಯ ಅರ್ಥವನ್ನೇ ಹಿಡಿಯುತ್ತಾನೆ. ‘ಪ್ರಯಾಣ ಭತ್ಯೆ’ ಸರಿಯಾದ ಕಚೇರಿಮಾತು, ಆದರೆ ಅದರಲ್ಲಿ ಮೈಲಿಯೇ ಇಲ್ಲ. ಇಲ್ಲಿ ಜಗಳವೆಲ್ಲ ಮೈಲಿಯದ್ದು. ‘ದಾರಿಖರ್ಚು’ ಎಂದರೆ ಖರ್ಚಾದಷ್ಟೇ ಕೊಟ್ಟಂತೆ ಕೇಳುತ್ತದೆ. ‘ತುಟ್ಟಿಭತ್ಯೆ’ಯ ಜಾಡಿನಲ್ಲಿ ‘ಮೈಲಿಭತ್ಯೆ’ ಎಂದು ಬರೆದಿದ್ದೇನೆ. ನಡೆದೀತೇ?

ಇನ್ನೊಂದು ಪೇಚು. ಮೊದಲು ದರವನ್ನು ಭಾಗಿಸಿ ‘ಮೈಲಿಗೆ 40 ಸೆಂಟ್’ ಎಂದು ಬರೆದಿದ್ದೆ. ಮನೆಯಲ್ಲಿ ಓದಿದವರು ಮಡಿ-ಮೈಲಿಗೆಗೆ ದಂಡವೇ ಎಂದರು. ಕರಾವಳಿಯ ಸ್ನೇಹಿತರೊಬ್ಬರಿಗೆ ‘40 ಸೆಂಟ್’ ಮನೆಕಟ್ಟುವ ಜಾಗದಂತೆ ಕಂಡಿತು. ಹಾಗಾಗಿ 20 ಮೈಲಿ, 8 ಡಾಲರಿಗೇ ಮರಳಿದೆ.

ಆ ಹೆಚ್ಚಿನ ಹಣಕ್ಕೂ ಒಂದು ಪದ ಬೇಕು. ‘ಕಳ್ಳಲೆಕ್ಕ’ ಬೇಡ. ಸದಸ್ಯರು ಕಾನೂನು ಮುರಿದರೆಂದು ಗ್ರೀಲಿ ಹೇಳಲಿಲ್ಲ, ಕಾನೂನೇ ಕೆಟ್ಟದ್ದೆಂದ; ಆದರೂ ಸದನ ಅವನ ಮೇಲೆ ಹರಿಹಾಯ್ದಿತು. ‘ಹೆಚ್ಚುವರಿ’ ತೀರಾ ಸಪ್ಪೆ. ‘ಸುತ್ತುದುಡ್ಡು’ ಎಂದರೆ ಅತಿಯಾಯಿತೇ?