‘ರಿಸೆಪ್ಟರ್’: ಗ್ರಾಹಕವೇ, ಗ್ರಾಹಿಯೇ?

ಮಾನ್ಯರೇ,

ಹೃದ್ರೋಗಿಗಳಿಗೆಂದು ಒಂದು ಕೈಪಿಡಿ ಬರೆಯುತ್ತಿದ್ದೇನೆ. ‘ರಿಸೆಪ್ಟರ್’, ಎಂದರೆ ಜೀವಕೋಶದ ಮೇಲಿದ್ದು ತನಗೆ ಹೊಂದುವ ವಸ್ತು ಬಂದು ಅಂಟಿದಾಗ ಕೆಲಸಕ್ಕಿಳಿಯುವ ಪ್ರೋಟೀನ್, ಎಂಬಲ್ಲಿಗೆ ಬಂದಾಗಲೆಲ್ಲ ಕೈ ನಿಲ್ಲುತ್ತದೆ. ಕನ್ನಡದ ವಿಜ್ಞಾನ ಬರಹಗಳಲ್ಲಿ ಇದಕ್ಕೆ ‘ಗ್ರಾಹಕ’ ಎಂಬ ಪದ ಬಳಕೆಯಲ್ಲಿದೆ. ಕರಡಿನಲ್ಲಿ ನಾನೂ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಬಗ್ಗೆ ‘ಸ್ಟ್ಯಾಟಿನ್ ಮಾತ್ರೆಯಿಂದ ಯಕೃತ್ತಿನಲ್ಲಿ ಗ್ರಾಹಕಗಳ ಸಂಖ್ಯೆ ಹೆಚ್ಚುತ್ತದೆ’ ಎಂದು ಬರೆದೆ. ಓದಿದ ನನ್ನ ಅತ್ತಿಗೆ ‘ಇಲ್ಲಿ ಗ್ರಾಹಕರು ಯಾರು?’ ಎಂದು ಕೇಳಿದರು. ‘ಗ್ರಾಹಕಗಳು’ ಬೇರೆ, ‘ಗ್ರಾಹಕರು’ ಬೇರೆ ಎಂದು ವಾದಿಸಬಹುದು. ಆದರೆ ರೋಗದ ಭಯದಲ್ಲಿ ಓದುವವರಿಂದ ಆ ಒಂದು ಪ್ರತ್ಯಯದ ವ್ಯತ್ಯಾಸವನ್ನು ನಿರೀಕ್ಷಿಸುವುದು ಸರಿಯಲ್ಲ.

ಅದಕ್ಕಿಂತ ದೊಡ್ಡ ತೊಡಕು ಅರ್ಥದ್ದು. ಗ್ರಾಹಕ ಎಂದೊಡನೆ ಏನನ್ನೋ ಪಡೆದು ಒಳಗಿಟ್ಟುಕೊಳ್ಳುವ ಚಿತ್ರ ಮೂಡುತ್ತದೆ. ಹೃದಯದ ಸ್ನಾಯುಕೋಶದ ಮೇಲಿರುವ ಬೀಟಾ-1 ರಿಸೆಪ್ಟರ್ ಹಾಗೆ ಮಾಡುವುದಿಲ್ಲ. ಅಡ್ರಿನಲಿನ್ ಎಂಬ ಹಾರ್ಮೋನು ಬಂದು ಅದಕ್ಕೆ ಅಂಟುತ್ತದೆ, ಸುದ್ದಿ ಮಾತ್ರ ಒಳಗೆ ಹೋಗುತ್ತದೆ, ಬಡಿತ ಬಿರುಸಾಗುತ್ತದೆ. ಅದೇ ಅಡ್ರಿನಲಿನ್ ರಕ್ತನಾಳದ ಗೋಡೆಯ ಆಲ್ಫಾ-1 ರಿಸೆಪ್ಟರ್ ಅನ್ನು ಮುಟ್ಟಿದರೆ ನಾಳ ಬಿಗಿದುಕೊಳ್ಳುತ್ತದೆ. ಸುದ್ದಿ ಒಂದೇ, ಕೇಳಿಸಿಕೊಂಡವರು ಬೇರೆ. 1948ರಲ್ಲಿ ಅಮೆರಿಕದ ಔಷಧವಿಜ್ಞಾನಿ ಅಲ್‌ಕ್ವಿಸ್ಟ್ ಈ ಆಲ್ಫಾ, ಬೀಟಾ ಎಂಬ ವಿಂಗಡಣೆಯನ್ನು ಮುಂದಿಟ್ಟದ್ದೇ ಈ ಬಗೆಯ ವ್ಯತ್ಯಾಸವನ್ನು ವಿವರಿಸಲು.

ಹಾಗೆಂದು ‘ಕೇಳುಗ’ ಎನ್ನೋಣವೆಂದರೆ ಎಲ್‌ಡಿಎಲ್ ರಿಸೆಪ್ಟರ್ ಅಡ್ಡ ಬರುತ್ತದೆ. ಅದು ನಿಜಕ್ಕೂ ಹಿಡಿಯುತ್ತದೆ. ರಕ್ತದಲ್ಲಿ ಹರಿಯುವ ಎಲ್‌ಡಿಎಲ್ ಎಂಬ ‘ಕೆಟ್ಟ’ ಕೊಲೆಸ್ಟರಾಲ್ ಕಣವನ್ನು ಹಿಡಿದು, ಅದರೊಂದಿಗೆ ತಾನೂ ಕೋಶದೊಳಕ್ಕೆ ಇಳಿದು, ಹೊರೆ ಕೆಳಗಿಟ್ಟು ಮತ್ತೆ ಮೇಲಕ್ಕೆ ಬರುತ್ತದೆ. ಹುಟ್ಟಿನಿಂದಲೇ ಇದರಲ್ಲಿ ದೋಷವಿದ್ದವರಿಗೆ ಎಳೆಯ ವಯಸ್ಸಿನಲ್ಲೇ ಹೃದಯಾಘಾತವಾಗುವುದುಂಟು. ಇದನ್ನು ಬಿಡಿಸಿ ತೋರಿಸಿದ ವಿಜ್ಞಾನಿಗಳಾದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರ ನೊಬೆಲ್ ದೊರೆಯಿತು.

ಹಿಡಿಯುವುದು, ತಿಳಿಯುವುದು ಎರಡನ್ನೂ ಹೊರಬಲ್ಲ ಕ್ರಿಯಾಪದ ನಮ್ಮಲ್ಲಿದೆ: ಗ್ರಹಿಸು. ಪಾಣಿಗ್ರಹಣದಲ್ಲಿ ಕೈ ಹಿಡಿಯುತ್ತೇವೆ, ಪಾಠವನ್ನು ಗ್ರಹಿಸುವಾಗ ಅರ್ಥ ಮಾಡಿಕೊಳ್ಳುತ್ತೇವೆ. ಗುಣಗ್ರಾಹಿ, ಸಾರಗ್ರಾಹಿ ಎಂಬ ಪದಗಳು ಹೇಗೂ ಬಳಕೆಯಲ್ಲಿವೆ. ಆದ್ದರಿಂದ ‘ಗ್ರಾಹಿ’ ಎಂಬುದೇ ಸರಿಯೆಂದು ನನ್ನ ಮನಸ್ಸು ಹೇಳುತ್ತದೆ: ಬೀಟಾಗ್ರಾಹಿ, ಎಲ್‌ಡಿಎಲ್‌ಗ್ರಾಹಿ. ಆಯುರ್ವೇದದಲ್ಲಿ ಮಲ ಕಟ್ಟುವ ದ್ರವ್ಯಕ್ಕೆ ಗ್ರಾಹಿ ಎನ್ನುತ್ತಾರೆ, ನಿಜ. ಹೃದಯದ ಕೈಪಿಡಿಯಲ್ಲಿ ಆ ಗೊಂದಲ ಬರಲಾರದು. ‘ಗುಣಗ್ರಾಹಿಗಳು ಇದ್ದಾರೆ’ ಎನ್ನುವ ನಾವು ‘ಗ್ರಾಹಿಗಳು ಇವೆ’ ಎಂದರೆ ಕಿವಿಗೆ ಒಗ್ಗೀತೇ ಎಂಬ ಅಳುಕು ಇತ್ತು. ‘ಪ್ರಾಣಿಗಳು ಇವೆ’ ನೆನಪಾಗಿ ಅದೂ ಹೋಯಿತು.

ಉಳಿದದ್ದು ‘ಬೀಟಾ ಬ್ಲಾಕರ್’ ಎಂಬ ಮಾತ್ರೆಯ ಹೆಸರು. ಹೃದಯದಲ್ಲಿ ‘ಬ್ಲಾಕ್’ ಇದೆ ಎಂದು ಕೇಳಿ ಬಂದವರ ಕೈಗೆ ‘ಬ್ಲಾಕರ್’ ಮಾತ್ರೆ ಕೊಟ್ಟರೆ ಅವರು ಹೆದರುತ್ತಾರೆ. ‘ಬೀಟಾ ತಡೆ’ ಎಂದರೂ ನಾಳದ ಅಡಚಣೆಯೇ ಕಣ್ಣಮುಂದೆ ಬರುತ್ತದೆ. ಮಾತ್ರೆ ಮಾಡುವುದಾದರೂ ಅಡ್ರಿನಲಿನ್‌ಗಿಂತ ಮೊದಲು ಗ್ರಾಹಿಯ ಮೇಲೆ ಜಾಗ ಹಿಡಿದು ಹೃದಯದ ಓಟವನ್ನು ತಗ್ಗಿಸುವುದು. ‘ಬೀಟಾ ಶಾಮಕ’ ಎನ್ನಬಹುದೇ? ಅಥವಾ ಇದಕ್ಕಿಂತ ಹಗುರವಾದ ಪದ ನಿಮ್ಮಲ್ಲಿ ಯಾರ ಬಳಿಯಾದರೂ ಇದೆಯೇ? ‘ಗ್ರಾಹಿ’ಗೆ ಆಕ್ಷೇಪವಿದ್ದರೆ ಅದನ್ನೂ ದಯವಿಟ್ಟು ತಿಳಿಸಿ. ಕರಡು ಇನ್ನೂ ನನ್ನ ಕೈಯಲ್ಲೇ ಇದೆ.